ಪ್ಲಾಸ್ಟಿಕ್ ಕುರ್ಚಿಯ ಜೀಪು

ಸಿಂಗಪುರದ ಜುರಾಂಗ್ ವೆಸ್ಟ್‌ನ ಕಾರ್ಖಾನೆಯೊಂದರಲ್ಲಿ ಸೇಫ್ಟಿ ಆಫೀಸರ್ ಆಗಿರುವ, ಮನೆಯಲ್ಲಿ ಒಬ್ಬರೇ ಇರುವ ನಾಗಲಿಂಗಪ್ಪನವರು ಹಾಕರ್ ಸೆಂಟರಿನಲ್ಲಿ ದೋಸೆ ತಿನ್ನಲು ಹೋದರೂ ಬೆಂಕಿ ನಂದಿಸುವ ಸಿಲಿಂಡರ್ ಎಲ್ಲಿದೆಯೆಂದು ನೋಡಿಕೊಂಡೇ ಕೂರುವವರು. ಮಕ್ಕಳ ಹುಟ್ಟುಹಬ್ಬಕ್ಕೆ ಕರೆದರೆ ಕೇಕಿನ ಪಕ್ಕ ಒಂದು ಬಕೆಟ್ ನೀರಿಡಿಸುವವರು. ಅಂಥವರ ಕೈಗೆ ಅವರ ವಸತಿ ಬ್ಲಾಕಿನ ಕನ್ನಡಿಗರು ದುಬೈ ಮರಳುಗಾಡಿನ ಸಫಾರಿಯ ಉಸ್ತುವಾರಿ ಕೊಟ್ಟರೆ ಕೇಳಬೇಕೆ? ಮರಳಲ್ಲಿ ಹೂತುಹೋಗದಂತೆ ಟೈರಿನ ಗಾಳಿ ಎಷ್ಟು ಇಳಿಸುತ್ತೀರಿ ಎಂದು ತಿಂಗಳಿಂದ ಅಲ್ಲಿನ ಗೈಡಿಗೆ ದಿನಾ ಫೋನು. ಹೊರಡುವ ಹಿಂದಿನ ದಿನವಂತೂ ಬ್ಲಾಕಿನ ಕೆಳಗಿನ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಜೀಪಿನಂತೆ ಜೋಡಿಸಿ, ಎಲ್ಲರನ್ನೂ ಕೂರಿಸಿ, ಹಿಂದಿನಿಂದ ಒಂದೊಂದೇ ಕುರ್ಚಿ ವಾಲಿಸುತ್ತ, “ಜೀಪ್ ಪಲ್ಟಿ ಆಯ್ತು! ಮೊದ್ಲು ಏನ್ ಮಾಡ್ತೀರಿ?” ಎಂದು ಗದರಿದರು. “ಅಂಕಲ್, ಬರೀ ಸ್ಯಾಂಡ್ ಲಾ,” ಎಂದ ಪುಟ್ಟ ಕುಶಾಲ್ ಬೈಸಿಕೊಂಡ. ನೆರೆಮನೆಯ ವಿದ್ಯಾಶ್ರೀಗೆ ಮಾತ್ರ ನಗು ಬರಲಿಲ್ಲ. ಕುರ್ಚಿ ವಾಲಿದಾಗಲೇ ನಾನು ಬರುವುದಿಲ್ಲ ಎಂದುಬಿಡೋಣ ಅನ್ನಿಸಿತ್ತು. “ಏನಾದ್ರೂ ಆದ್ರೆ ಯಾರಿಗೆ ತಿಳಿಸ್ಬೇಕು, ಎಲ್ರೂ ಬರೀರಿ. ಜೀಪಲ್ಲಿ ಇರೋರ ನಂಬರ್ ನಡೆಯಲ್ಲ, ಹೊರಗಿನೋರದ್ದೇ ಬೇಕು,” ಎಂದು ನಾಗಲಿಂಗಪ್ಪ ಪಟ್ಟಿ ಕೈಗಿತ್ತರು. ತನ್ನ ಹೆಸರನ್ನೇ ಹೊಡೆದುಹಾಕಲು ಅವಳು ಪೆನ್ನು ತೆಗೆದಳು. ಮೊದಲ ಸಾಲಿನಲ್ಲಿ ನಾಗಲಿಂಗಪ್ಪನವರ ಹೆಸರಿತ್ತು. ಅದರ ಮುಂದೆ, ತಿಳಿಸಬೇಕಾದವರ ಜಾಗದಲ್ಲಿ, ಅವರದೇ ನಂಬರ್ ಇತ್ತು. ವಿದ್ಯಾಶ್ರೀ ತನ್ನ ಸಾಲಿನಲ್ಲಿ, ಸಫಾರಿಗೆ ಬಾರದೆ ಮನೆಯಲ್ಲೇ ಉಳಿಯಲಿದ್ದ ಗಂಡನ ನಂಬರ್ ಬರೆದು, ಹೋಗಿ ಕುರ್ಚಿಯಲ್ಲಿ ಕೂತು, “ಅಂಕಲ್, ಇನ್ನೊಂದ್ಸಲ ಪಲ್ಟಿ ಮಾಡ್ಸಿ,” ಎಂದಳು.