ಅಪ್ಪ ಕಿವಿಗೆ ಹಿಡಿದ ಕಾಯಿ

ಅಪ್ಪ ಕುರ್ಚಿಯಿಂದ ಜಾರಬಹುದಿತ್ತು. ಕಾಯಿ ಕೈತಪ್ಪಿ ಕಾಲ ಮೇಲೆ ಬೀಳಬಹುದಿತ್ತು. ಎದ್ದು ನಿಂತಾಗ ತಲೆ ಸುತ್ತಬಹುದಿತ್ತು. ಹೊಸ್ತಿಲ ಹತ್ತಿರ ಪಾದ ಗಮ್ ಹಾಕಿದ ಹಾಗೆ ಅಂಟಿಕೊಂಡು ಅಲ್ಲೇ ನಿಂತುಬಿಡಬಹುದಿತ್ತು. ಮಾತ್ರೆಯ ಹೊತ್ತು ಮೀರಬಹುದಿತ್ತು. (ಅಟ್ಟವೇ ಕುಸಿಯಬಹುದಿತ್ತು. ಅದನ್ನೂ ಯೋಚಿಸಿದ್ದೆ.)

ವಿಷಯ ಇಷ್ಟೇ. ನಮ್ಮ ತಿಪಟೂರು ಕಡೆ ಕಾಯಿಯನ್ನು ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಲು ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟ ಮೇಲೆ, ಕಿವಿ ಹತ್ತಿರ ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆ. ಆಗಲೇ ಒಡೆಯಬೇಕು. ಅವಸರ ಮಾಡಿದರೆ ಕಾಯಿ ಹಾಳು. ನಮ್ಮ ಮನೆಯಲ್ಲಿ ಆ ಸದ್ದು ಕೇಳಿ ಆರಿಸುವವರು ಯಾವತ್ತೂ ಅಪ್ಪ.

ಪಾರ್ಕಿನ್ಸನ್ಸ್ ಬಂದು ಕೈ ನಡುಗಲು ಶುರುವಾಯಿತಲ್ಲ, "ಈ ಸಲ ನೀನು ರೆಸ್ಟ್ ತಗೊಳಪ್ಪ" ಅಂದೆ. ಅಪ್ಪ ಗೋಡೆ ಕಡೆ ತಿರುಗಿ ಮಲಗಿದರು. ಊಟಕ್ಕೆ ಕರೆದರೂ ಏಳಲಿಲ್ಲ.

ಹೆಂಡತಿ ನನ್ನ ಮೇಲೆ ರೇಗಿದಳು. "ಅವ್ರಿಗೆ ಉಳಿದಿರೋ ಕೆಲ್ಸ ಅದೊಂದೇ ಕಣ್ರೀ. ಅದನ್ನೂ ಕಿತ್ಕೊಂಡ್ರೆ ಇನ್ನೇನಿದೆ?"

ಏರ್ಪಾಡೆಲ್ಲ ಅವಳದೇ. ಬೆಳಗಿನ ಮಾತ್ರೆ ಕೆಲಸ ಶುರು ಮಾಡಿ ಮೈ ಸಡಿಲವಾಗುವವರೆಗೆ ಕಾದಳು. ಕೈಯಿರುವ ಕುರ್ಚಿಯಲ್ಲಿ ಕೂರಿಸಿದಳು. ಪಾದದ ಮೇಲೆ ಗೋಣಿಚೀಲ ಮಡಚಿ ಹಾಕಿದಳು. ಒಂದೊಂದೇ ಕಾಯಿ ಕೈಗೆ ಕೊಟ್ಟಳು. ನಾನು? ಪಕ್ಕದಲ್ಲಿ ಸ್ಲಿಪ್ ಫೀಲ್ಡರ್ ತರಹ ಬಗ್ಗಿ ನಿಂತಿದ್ದೆ.

ಅಪ್ಪ ಮೊದಲ ಕಾಯಿ ಕಿವಿಗೆ ಹಿಡಿದರು. ಕೈ ತಾನಾಗೇ ನಡುಗಿತು. ಲೊಡಲೊಡ.

"ನೋಡ್ಲಾ, ಅಲ್ಲಾಡ್ಸೋ ಕೆಲ್ಸಾನೇ ಇಲ್ಲ. ಸುಮ್ನೆ ಹಿಡ್ಕಂಡ್ರೆ ಸಾಕು."

"ಚಾರ್ಜಿಗೆ ಹಾಕೋದೂ ಬೇಡ ಬುಡಿ ಮಾವ" ಅಂದಳು ಹೆಂಡತಿ. ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಬಗ್ಗಿಕೊಂಡೇ.

ಮಧ್ಯಾಹ್ನದ ಮಾತ್ರೆಗೆ ನಾನಿಟ್ಟ ಅಲಾರಂ ಹೊಡೆಯುವ ಮೊದಲೇ ಅಪ್ಪ ಕೈ ಚಾಚಿದರು. "ಟೈಮಾಯ್ತು, ಕೊಡವ್ವ."

ಆದರೂ ನನಗೆ ಸಮಾಧಾನ ಎಲ್ಲಿ? ನಡುಗುವ ಕೈ, ಸದ್ದು ಸರಿಯಾಗಿ ಕೇಳಿಸುತ್ತಾ? ಅಪ್ಪ "ಇದು ಇನ್ನೂ ಗುಳಗುಳ ಅಂತೈತೆ, ಬುಡು" ಅಂತ ಪಕ್ಕಕ್ಕಿಟ್ಟ ಕಾಯೊಂದನ್ನು ನಾನೂ ಕಿವಿಗೆ ಹಿಡಿದೆ. ಲೊಡಲೊಡ ಅಂದ ಹಾಗಿತ್ತು. ಒಡೆಯುವ ರಾಶಿಗೆ ಸೇರಿಸಿದೆ.

"ಅಂಗಾದ್ರೆ ಆಗ್ಲಿ ಬುಡಪ್ಪ" ಅಂದರು ಅಪ್ಪ. ಮುಖದಲ್ಲಿ ಯಾಕೋ ವಿಪರೀತ ಖುಷಿ.

ಸಂಜೆ ಒಡೆದೆವು. ಒಂದೊಂದೂ ಗುಂಡಗೆ, ಒಣಗಿದ ಕೊಬ್ಬರಿ. ಅಪ್ಪ ಬೀಳಲಿಲ್ಲ, ಕಾಯಿ ಬೀಳಲಿಲ್ಲ, ಅಟ್ಟವೂ ಬೀಳಲಿಲ್ಲ.

ಇಡೀ ರಾಶಿಯಲ್ಲಿ ಒಂದೇ ಒಂದು ಕಾಯಿ ನನ್ನ ಬಿಳಿ ಪಂಚೆಗೆ ನೀರು ಚಿಮ್ಮಿಸಿತು. ಅದನ್ನು ಆರಿಸಿದ್ದು ನಡುಗದ ಕೈ.