ಕೊನೆಯ ನಿಲ್ದಾಣದ ಮನೆ

ಲಂಡನ್ನಿನಲ್ಲಿ ಯಾವ ಮನೆಯನ್ನು ಬಾಡಿಗೆಗೆ ಹಿಡಿಯಬೇಕೆಂದು ನನ್ನ ಅಕ್ಕ ತೀರ್ಮಾನಿಸಿದ್ದು ಗುಂಡ್ಲುಪೇಟೆಯ ಬಸ್ ನಿಲ್ದಾಣದ ಎದುರಿಗಿದ್ದ ಫೋನ್ ಬೂತಿನಲ್ಲಿ. ಹೀಗೆ ಬರೆದ ಕೂಡಲೇ ನನಗೇ ಅನುಮಾನ. ಅರ್ಧ ತೀರ್ಮಾನ ಅದಕ್ಕೂ ಮೊದಲೇ ಚಾಮರಾಜನಗರದ ಬಸ್ಸಿನಲ್ಲಿ ಆಗಿಹೋಗಿತ್ತು. ಇನ್ನೊಂದಿಷ್ಟನ್ನು ನಮ್ಮವ್ವ ಅದಕ್ಕೂ ಎಷ್ಟೋ ಮೊದಲು, ಲಂಡನ್ನಿನ ಹೆಸರೇ ಯಾರ ಬಾಯಲ್ಲೂ ಇಲ್ಲದಿದ್ದಾಗ, ಮಾಡಿಟ್ಟಿದ್ದಳು. ನೆನಪಿಗೆ ಬಂದ ಕ್ರಮದಲ್ಲಿ ಹೇಳುತ್ತೇನೆ. ನಡೆದದ್ದೂ ಅದೇ ಕ್ರಮದಲ್ಲಿ ಎಂದು ಪ್ರಮಾಣ ಮಾಡಲಾರೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಕ್ಕ ಚಾಮರಾಜನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಭಾವ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಗಾರ್ಡು. ಇಬ್ಬರ ಕೆಲಸಕ್ಕೂ ನಡುವೆ ಬೀಳುತ್ತದೆಂದು ಗುಂಡ್ಲುಪೇಟೆಯಲ್ಲಿ ಬಾಡಿಗೆ ಮನೆ ಮಾಡಿದ್ದರು. ಅವರ ಮಗಳು ಆಗ ಒಂದನೇ ಕ್ಲಾಸು. ನಾನು ಚಾಮರಾಜನಗರದ ಕೋರ್ಟಿನಲ್ಲಿ ಟೈಪಿಸ್ಟ್. ಅಕ್ಕನ ಮನೆಯಲ್ಲೇ ಊಟ, ಅವಳು ಹೋಗುವ ಬಸ್ಸಿನಲ್ಲೇ ಪ್ರಯಾಣ.

ಅಕ್ಕನಿಗೆ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮೊದಲು ಅದೇ ಚಾಮರಾಜನಗರದ ವಾರ್ಡಿನಲ್ಲಿ ಅಕ್ಕನ ಜೊತೆಗಿದ್ದು, ಆಮೇಲೆ ಅಲ್ಲಿಗೆ ಹೋಗಿದ್ದ ಗೆಳತಿ ದಾರಿ ತೋರಿಸಿದ್ದಳು. ಕೇರಳದ ಸುಲ್ತಾನ್ ಬತ್ತೇರಿಯವಳಾದ್ದರಿಂದ ನಮ್ಮ ಮನೆಯಲ್ಲಿ ಅವಳನ್ನು ಬತ್ತೇರಿ ಸಿಸ್ಟರ್ ಎನ್ನುತ್ತಿದ್ದೆವು. ಕೆಲಸದ ವಿಷಯದಲ್ಲಿ ಯಾರದೂ ತಕರಾರಿರಲಿಲ್ಲ. ತಕರಾರು ಬಂದದ್ದು ಮಗುವಿನ ವಿಷಯದಲ್ಲಿ. ಮಗಳನ್ನು ಕರೆದುಕೊಂಡೇ ಹೋಗುತ್ತೇನೆ ಅಂತ ಅಕ್ಕ. ಅವ್ವನ ಹತ್ತಿರ ಹರದನಹಳ್ಳಿಯಲ್ಲಿ ಬಿಟ್ಟು ಹೋಗು ಅಂತ ಭಾವ. ಮಗುವಿನ ಕಾಗದಪತ್ರಕ್ಕೆ ಅಪ್ಪನ ಸಹಿ ಬೇಕಿತ್ತು. ಭಾವ ಸಹಿ ಹಾಕುವುದಿಲ್ಲ ಅಂತಲೂ ಹೇಳಲಿಲ್ಲ, ಹಾಕಲೂ ಇಲ್ಲ.

‘ಅಲ್ಲಿ ನೀನು ಡ್ಯೂಟಿಗೆ ಓದ್ರೆ ಕೂಸ ಯಾರಮ್ಮಿ ನೋಡ್ಕಳದು?’ ಎಂದು ಭಾವ ಒಂದು ಭಾನುವಾರ ಕೇಳಿದರು. ‘ಆಸ್ಪತ್ರೆ ಅತ್ರುಕ್ಕೇ ರೂಮ್ ಕೊಡ್ತಾರಂತೆ. ಅಲ್ಲಿರು. ನಿದ್ದೆನಾದ್ರೂ ಸಿಗ್ತದೆ. ಕೂಸು ಇಲ್ಲೇ ಅವ್ವನ್ ಜೊತೆ ಇರ್ಲಿ.’

‘ಆ ರೂಮಲ್ಲಿ ಮಕ್ಳ ಇಟ್ಕಳಂಗಿಲ್ಲ.’

‘ಅದ್ಕೇ ಏಳ್ತಿರದು.’

ಹೀಗಾಗಿ ಲಂಡನ್ನಿನಲ್ಲಿ ಎಲ್ಲಿ ಇರಬೇಕೆಂಬ ಪ್ರಶ್ನೆ ನಮಗೆ ಬಾಡಿಗೆಯ ಪ್ರಶ್ನೆಯಾಗಿರಲಿಲ್ಲ. ಮಗು ಹೋಗುವುದೋ ಉಳಿಯುವುದೋ ಅನ್ನುವುದೇ ಆ ಮನೆಯ ಮೇಲೆ ನಿಂತಿತ್ತು.

ಬತ್ತೇರಿ ಸಿಸ್ಟರ್ ಮೂರು ಜಾಗ ನೋಡಿಟ್ಟಿದ್ದಳು. ಒಂದು, ಆಸ್ಪತ್ರೆಗೆ ಅಂಟಿಕೊಂಡಂತಿದ್ದ ಹಾಸ್ಟೆಲ್ ಕೋಣೆ. ಎರಡನೆಯದು ಊರಿನ ನಡುವೆ, ಒಂದು ಅಂಗಡಿಯ ಮೇಲೆ. ಅದರ ಬಾಡಿಗೆ ಕೇಳಿ ಭಾವ, ‘ಆ ದುಡ್ಡಲ್ಲಿ ಅರದನಳ್ಳೀಲಿ ತಿಂಗ್ಳಿಗೊಂದು ಅಸ ಇಡಿಬೌದು ಕಣ್ಲಾ ಬಾಮೈದ’ ಎಂದು ನನ್ನ ಕಡೆ ತಿರುಗಿ ಹೇಳಿದರು. ಅಕ್ಕ ಅಂದಿನಿಂದ ಪೌಂಡನ್ನು ರೂಪಾಯಿಗೆ ತಿರುಗಿಸುವುದನ್ನು ಮನೆಯಲ್ಲಿ ನಿಷೇಧಿಸಿದಳು. ರೂಪಾಯಿಗೆ ಮಾತ್ರವಲ್ಲ, ಹಸುವಿಗೂ. ಮೂರನೆಯದು ಊರಾಚೆ, ರೈಲಿನ ಕೊನೆಯ ನಿಲ್ದಾಣದಲ್ಲಿ, ಸಿಲೋನಿನ ಕಡೆಯ ಒಬ್ಬ ತಮಿಳು ಹೆಂಗಸಿನ ಮನೆಯ ಮಹಡಿ. ಮಕ್ಕಳು ಇರಬಹುದು. ಆದರೆ ಆಸ್ಪತ್ರೆಗೆ ಬಹಳ ದೂರ.

ಬತ್ತೇರಿ ಸಿಸ್ಟರ್ ಕಳಿಸಿದ್ದ ಲಂಡನ್ ರೈಲಿನ ನಕ್ಷೆಯನ್ನು ನಾವು ನೆಲದ ಮೇಲೆ ಹರಡಿಕೊಂಡು ಕೂತೆವು. ಕೆಂಪು, ಹಸಿರು, ನೀಲಿ ಗೆರೆಗಳು. ನಾನು ಸ್ಕೇಲಿಟ್ಟು ಅಳೆದು ಅಂಗಡಿಯ ಮೇಲಿನ ಕೋಣೆಯೇ ಸರಿ ಎಂದೆ. ಅದು ಅಳತೆಗೆ ಸರಿಯಾಗಿ ಬರೆದ ನಕ್ಷೆಯೇ ಅಲ್ಲವೆಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಅಕ್ಕ ಸ್ಕೇಲನ್ನು ನೋಡಲೇ ಇಲ್ಲ. ಅವಳ ಬೆರಳು ಒಂದು ಗೆರೆಯನ್ನು ಹಿಡಿದುಕೊಂಡು ಅದು ಮುಗಿಯುವ ತನಕ ಹೋಯಿತು.

‘ಇದು ಒಳ್ಳೇದು ಕಣ್ಲಾ’ ಎಂದಳು.

‘ಅಷ್ಟು ದೂರ?’

‘ದೂರ ಆದ್ರೇನು. ಇಲ್ಲಿಂದ್ಲೇ ಒರಡ್ತದಲ್ಲ.’

ಇದು ಅರ್ಥವಾಗಬೇಕಾದರೆ ನಮ್ಮ ಬಸ್ಸಿನ ಕಥೆ ಹೇಳಬೇಕು. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬೆಳಿಗ್ಗೆ ಹೋಗುವ ಬಸ್ಸುಗಳಲ್ಲಿ ಎರಡು ಜಾತಿ. ಕೇರಳದ ಕಡೆಯಿಂದಲೋ ಊಟಿ ಕಡೆಯಿಂದಲೋ ಬರುವವು ತುಂಬಿಕೊಂಡೇ ಬರುತ್ತವೆ. ನಮ್ಮ ನಿಲ್ದಾಣದಿಂದಲೇ ಹೊರಡುವವು ಖಾಲಿ ಇರುತ್ತವೆ. ಹೊರಡುವ ಬಸ್ಸಿಗೆ ಕಿಟಕಿಯಲ್ಲಿ ಟವೆಲ್ಲು ಎಸೆದು ಸೀಟು ಹಿಡಿದರೆ ಇಳಿಯುವ ತನಕ ನಿದ್ದೆ. ನಡುವೆ ತೆರಕಣಾಂಬಿಯಲ್ಲಿ ಹತ್ತುವವರ ಪಾಡು ಅಕ್ಕ ದಿನವೂ ನೋಡುತ್ತಿದ್ದಳು. ಚಾಮರಾಜನಗರಕ್ಕೆ ನಮಗಿಂತ ಅವರೇ ಹತ್ತಿರ, ಆದರೆ ನಿಂತುಕೊಂಡು, ಬುತ್ತಿ ಚೀಲವನ್ನು ಕೂತವರ ತೊಡೆಯ ಮೇಲಿಟ್ಟು, ಕಂಬಿಗೆ ಜೋತುಬಿದ್ದು ಬರುವವರೂ ಅವರೇ. ಹತ್ತಿರವಿರುವವರಿಗೇ ಹೆಚ್ಚು ಸುಸ್ತು ಅನ್ನುವುದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿರಬೇಕಿತ್ತು, ಅದೇ ಬಸ್ಸಿನಲ್ಲಿ ನಾನೂ ಕೂರುತ್ತಿದ್ದೆ.

ಇನ್ನೊಂದು ಸಂಗತಿಯೂ ಇತ್ತು. ಒಮ್ಮೆ ಅಕ್ಕ ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಬತ್ತೇರಿಗೆ ಹೋಗುವ ಬಸ್ಸು ಹತ್ತಿದವಳು ನಿದ್ದೆ ಹೋಗಿ, ಗುಂಡ್ಲುಪೇಟೆ ದಾಟಿ, ಕಣ್ಣು ಬಿಟ್ಟಾಗ ಕೇರಳದ ದಾರಿಯ ಮದ್ದೂರಿನ ಅರಣ್ಯ ಚೆಕ್‌ಪೋಸ್ಟು. ಕಂಡಕ್ಟರನ್ನು ಬೈದರೆ ಅವನು, ‘ಸಿಸ್ಟ್ರೇ, ಗುಂಡ್ಲುಪೇಟೇಲಿ ಕೂಗ್ದೆ ಕಣಮ್ಮಾ. ನೀವೇ ಕಣ್ ಮುಚ್ಕಂಡೇ “ಊಂ, ಬಿಪಿ ಬರ್ಕ” ಅಂದ್ರಿ’ ಎಂದನಂತೆ. ಅಲ್ಲಿಂದ ಶುಂಠಿ ಲಾರಿಯ ಮುಂದಿನ ಸೀಟಿನಲ್ಲಿ ಕೂತು, ಬಿಳಿ ಸೀರೆಯೆಲ್ಲ ಕೆಮ್ಮಣ್ಣು ಮಾಡಿಕೊಂಡು ಮನೆಗೆ ಬಂದಳು. ಬಿಪಿ ಬರ್ಕ ಅನ್ನುವ ಮಾತನ್ನು ಕಂಡಕ್ಟರ್ ಹೇಳಿದನೋ, ಆಮೇಲೆ ಭಾವ ಸೇರಿಸಿದರೋ ನನಗೆ ಖಚಿತವಿಲ್ಲ. ಮನೆಯಲ್ಲಿ ಅದನ್ನು ಎಷ್ಟು ಸಲ ಹೇಳಿದೆವೆಂದರೆ ಈಗ ಅದು ಎಲ್ಲರ ಮಾತು.

‘ಕೊನೇ ಸ್ಟಾಪಾದ್ರೆ ನಿದ್ದೆ ಓದ್ರೂ ಭಯ ಇಲ್ಲ’ ಎಂದಳು ಅಕ್ಕ, ನಕ್ಷೆಯ ಮೇಲೆ ಬೆರಳಿಟ್ಟುಕೊಂಡೇ. ‘ಅದ್ರಿಂದಾಚೆ ರೈಲೇ ಓಗಲ್ಲ. ಎಬ್ಬಿಸ್ಲೇಬೇಕು.’

ಸಾವಿರಾರು ಮೈಲಿ ಆಚೆಯ, ಕಣ್ಣಿಂದ ನೋಡದ ಊರನ್ನು ಅವಳು ಹೀಗೆ ತನ್ನ ಬಸ್ಸಿನೊಳಕ್ಕೆ ಎಳೆದುಕೊಂಡ ರೀತಿಗೆ ನಾನು ಇವತ್ತಿಗೂ ಬೆರಗಾಗುತ್ತೇನೆ. ಹೆದರಿಕೊಂಡು ಮಾಡಿದ ಲೆಕ್ಕವಲ್ಲ ಅದು. ಪರದೇಶ ಅನ್ನುವ ಪದಕ್ಕೆ ಅವಳು ಕೊಡಬೇಕಾದಷ್ಟೇ ಮರ್ಯಾದೆ ಕೊಟ್ಟಳು, ಹೆಚ್ಚಿಗೆ ಕೊಡಲಿಲ್ಲ.

ಆದರೆ ಸೀಟು ಸಿಕ್ಕರೆ ಸಾಕೇ? ಮನೆಯಾಕೆ ಎಂಥವಳು? ಭಾವನ ಪ್ರಶ್ನೆ ಹಾಗೇ ಉಳಿದಿತ್ತು. ಕೂಸನ್ನು ನೋಡಿಕೊಳ್ಳುವುದು ಯಾರು?

ಇಲ್ಲಿ ಅವ್ವ ಬರುತ್ತಾಳೆ. ಬಾಡಿಗೆ ಮನೆ ನೋಡಲು ಹೋಗುವಾಗ ಕೂಸನ್ನು ಎತ್ತಿಕೊಂಡೇ ಹೋಗಬೇಕು ಅನ್ನುವುದು ಅವ್ವನ ಕಟ್ಟಳೆ. ನಮ್ಮ ಕಡೆ ಬೇರೆ ಹೆಂಗಸರೂ ಹೀಗೆ ಮಾಡುತ್ತಿದ್ದರು. ಮನೆಯಲ್ಲಿ ಕೂಸಿಲ್ಲದಿದ್ದರೆ ಪಕ್ಕದ ಮನೆಯದನ್ನು ಎತ್ತಿಕೊಂಡು ಹೋದದ್ದನ್ನೂ ಕಂಡಿದ್ದೇನೆ. ಗುಂಡ್ಲುಪೇಟೆಯ ಮನೆ ಹುಡುಕುವಾಗ ಅವ್ವ ಹರದನಹಳ್ಳಿಯಿಂದ ಬಂದು ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡಳು. ‘ಬಾಡ್ಗೆ ಎಷ್ಟು ಅಂತ ಮೊದ್ಲೇ ಕೇಳ್ಬುಡ್‌ಬ್ಯಾಡ ಕಣಮ್ಮಿ’ ಎಂದು ಅಕ್ಕನಿಗೆ ಹೇಳಿ, ಒಳಗೆ ಹೋದ ಮೇಲೆ ಕೂಸನ್ನು ನೆಲಕ್ಕೆ ಬಿಟ್ಟಳು. ಆಮೇಲೆ ಅದೂ ಇದೂ ಮಾತು. ಮೊದಲ ಮನೆಯಾಕೆ ಮಾತಾಡುತ್ತಲೇ ಹಿತ್ತಾಳೆ ಚೆಂಬನ್ನು ಎತ್ತಿ ಕೂಸಿಗೆ ಎಟುಕದಂತೆ ಮೇಲಿಟ್ಟಳು. ಅವ್ವ, ‘ಬತ್ತೀವಿ ಕಣವ್ವ’ ಎಂದು ಎದ್ದಳು. ಎರಡನೆಯ ಮನೆಯಾಕೆ ತನ್ನ ನಾದಿನಿಯನ್ನು ಬೈಯುತ್ತಾ ಕೂತಿದ್ದಳು. ಬೈಗುಳವನ್ನು ನಿಲ್ಲಿಸದೆ ಕೂಸನ್ನು ಎಳೆದುಕೊಂಡು, ತನ್ನ ಸೆರಗಿನಿಂದ ಅದರ ಮೂಗು ಒರೆಸಿ, ಮತ್ತೆ ನೆಲಕ್ಕೆ ಬಿಟ್ಟಳು. ಏನು ಮಾಡಿದೆ ಅಂತ ಅವಳಿಗೇ ಗೊತ್ತಿರಲಿಲ್ಲ.

ಹೊರಗೆ ಬಂದ ಮೇಲೆ, ‘ಮನೆ ಕತ್ಲೆ ಕಣವ್ವ’ ಎಂದು ಅಕ್ಕ ಹೇಳಿದಳು.

‘ಬಲ್ಬ್ ಆಕುಸ್ಕ’ ಎಂದಳು ಅವ್ವ.

ಆ ಮನೆಯಲ್ಲೇ ಅಕ್ಕ ಇದ್ದಳು. ಅವಳ ಎಷ್ಟೋ ರಾತ್ರಿಪಾಳಿಗಳಲ್ಲಿ ಮಗು ಮಲಗಿದ್ದು ಆ ಬೈಗುಳದ ಹೆಂಗಸಿನ ಪಕ್ಕದಲ್ಲಿ. ಆ ಹೆಂಗಸಿನ ತವರು ತಮಿಳುನಾಡಿನ ತಾಳವಾಡಿ ಕಡೆಯಾದ್ದರಿಂದ ಮಗು ಒಂದಿಷ್ಟು ತಮಿಳನ್ನೂ ಅವಳಿಂದಲೇ ಕಲಿತಿತ್ತು.

ಈಗ ತೊಡಕು ಇದು: ಲಂಡನ್ನಿನ ಮನೆಯ ನೆಲಕ್ಕೆ ಗುಂಡ್ಲುಪೇಟೆಯಿಂದ ಕೂಸನ್ನು ಬಿಡುವುದು ಹೇಗೆ?

ಮಧ್ಯಾಹ್ನ ಮೂರು ಗಂಟೆಯ ಮೇಲಾದರೆ ಅಲ್ಲಿ ಬೆಳಗಾಗಿರುತ್ತದೆ ಎಂದು ಬತ್ತೇರಿ ಸಿಸ್ಟರ್ ಆ ಮನೆಯಾಕೆಯ ನಂಬರು ಕೊಟ್ಟಿದ್ದಳು. ಭಾವ ಬಂಡೀಪುರದಿಂದ ಬಂದಿದ್ದ ದಿನವನ್ನೇ ಅಕ್ಕ ಆರಿಸಿಕೊಂಡಳು. ಬೂತಿನಲ್ಲಿ ಒಬ್ಬರಿಗೆ ಸರಿಯಾಗಿ ನಿಲ್ಲುವಷ್ಟು ಗಾಜಿನ ಗೂಡು. ಅಕ್ಕ ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿಕೊಂಡು ಒಳಗೆ ನಿಂತಳು. ನಾನು, ಭಾವ ಬಾಗಿಲ ಹೊರಗೆ. ಅಕ್ಕ ಹರಕುಮುರುಕು ತಮಿಳಿನಲ್ಲಿ ಎರಡು ಮಾತಾಡಿ ತನ್ನ ಹೆಸರು ಹೇಳಿಕೊಂಡಳು. ಬಾಡಿಗೆಯ ಮಾತೆತ್ತಲಿಲ್ಲ. ‘ನನ್ ಮಗಳು ಮಾತಾಡ್ತಾಳೆ’ ಎಂದು ರಿಸೀವರನ್ನು ಮಗುವಿನ ಕಿವಿಗೆ ಇಟ್ಟುಬಿಟ್ಟಳು.

ಬೂತಿನವನು ನಮ್ಮನ್ನು ನೋಡಿದ. ‘ಫಾರಿನ್ ಕಾಲು ಕಣಣ್ಣ, ಮಕ್ಳ್ ಕೈಗೆ ಕೊಟ್ಬುಟ್ರಲ್ಲ’ ಎಂದ.

‘ಓಡ್ಲಿ ಬುಡು ಮೀಟ್ರು’ ಎಂದರು ಭಾವ. ಹಸುವಿನ ಲೆಕ್ಕ ಹಾಕಿದ್ದ ಅದೇ ಭಾವ.

ಆ ಕಡೆಯ ದನಿ ನನಗೆ ಕೇಳಿಸಿರಲು ಸಾಧ್ಯವಿಲ್ಲ. ಬೂತಿನ ಬಾಗಿಲು ಅರೆತೆರೆದಿತ್ತು, ಪಕ್ಕದಲ್ಲೇ ಮೈಸೂರು ಬಸ್ಸಿನ ಕ್ಲೀನರು ಕೂಗುತ್ತಿದ್ದ. ಆದರೂ ‘ಸಾಪ್ಟಿಯಾ?’ ಅನ್ನುವ ಮಾತು ನನ್ನ ನೆನಪಿನಲ್ಲಿ ಸ್ಪಷ್ಟವಾಗಿದೆ, ಸ್ವಲ್ಪ ಮುದಿಯಾದ, ಕಫ ಕಟ್ಟಿದ ದನಿಯಲ್ಲಿ. ಉಂಡೆಯಾ ಎಂದು ಅವಳು ಕೇಳಿದ್ದು ನಿಜ. ಮಗು ಕೊಟ್ಟ ಉತ್ತರದಿಂದ ಅದು ತಿಳಿಯುತ್ತಿತ್ತು. ದನಿಯನ್ನು ಮಾತ್ರ ನಾನೇ ಯಾವಾಗಲೋ ಸೇರಿಸಿರಬೇಕು.

ಮಗು ಮೊದಲು ತಲೆಯಾಡಿಸಿತು. ಫೋನಿನಲ್ಲಿ ತಲೆಯಾಡಿಸಿದರೆ ಕಾಣುವುದಿಲ್ಲ ಎಂದು ಹೇಳಲು ನಾನು ಹೊರಟೆ. ಅಕ್ಕ ಕಣ್ಣಲ್ಲೇ ತಡೆದಳು. ಅವಳು ಕಾಯುತ್ತಿದ್ದದ್ದು ಮಗುವಿನ ಉತ್ತರಕ್ಕಲ್ಲ. ಉತ್ತರ ಬರದಿದ್ದಾಗ ಆ ಹೆಂಗಸು ಏನು ಮಾಡುತ್ತಾಳೆ ಅನ್ನುವುದಕ್ಕೆ. ಹಲೋ ಹಲೋ ಎಂದು ಕೂಗುತ್ತಾಳೋ, ಅಮ್ಮನಿಗೆ ಕೊಡು ಅನ್ನುತ್ತಾಳೋ.

ಅವಳು ಎರಡನ್ನೂ ಮಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮಗು ತಾನಾಗಿ ಬಾಯಿ ಬಿಟ್ಟಿತು. ಉಪ್ಪಿಟ್ಟು ಎಂದಿತು. ಪೂರ್ತಿ ತಿನ್ನಲಿಲ್ಲ ಎಂದಿತು. ಅದರಲ್ಲಿ ಮೆಣಸಿನಕಾಯಿ ಸಿಕ್ಕಿದ್ದು, ಅದನ್ನು ಮಾಮನ ತಟ್ಟೆಗೆ ಹಾಕಿದ್ದು, ಮಾಮ ನೋಡದೆ ತಿಂದು ಕೆಮ್ಮಿದ್ದು, ಎಲ್ಲವನ್ನೂ ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ, ಕೈಬಾಯಿ ಮಾಡಿಕೊಂಡು ಹೇಳಿತು. ಆ ಮಾಮ ನಾನು. ನಡುನಡುವೆ ನಿಲ್ಲಿಸಿ ಕೇಳಿಸಿಕೊಳ್ಳುತ್ತಿತ್ತು, ನಗುತ್ತಿತ್ತು, ಮತ್ತೆ ಶುರುಮಾಡುತ್ತಿತ್ತು. ಆ ಹೆಂಗಸಿಗೆ ಬೇರೆ ಕೆಲಸವೇ ಇಲ್ಲವೇನೋ ಅನ್ನಿಸುವಂತೆ ಮಾತು ಸಾಗಿತು.

ಅಕ್ಕನ ಮುಖದಲ್ಲಿ ಅವ್ವ ಕಾಣಿಸಿದಳು ಎಂದು ಬರೆಯಲು ಕೈ ತುರಿಸುತ್ತದೆ. ಬರೆದರೆ ಅದು ಸುಳ್ಳು. ಅಕ್ಕ ಬೆವರುತ್ತಿದ್ದಳು. ಗಾಜಿನ ಗೂಡಿನಲ್ಲಿ ಫ್ಯಾನು ಕೆಟ್ಟಿತ್ತು.

ಲಂಡನ್ನಿನ ಆ ಮನೆಯಲ್ಲಿ ಅಕ್ಕ, ಮಗಳು ಎಷ್ಟೋ ವರ್ಷ ಇದ್ದರು. ಹೇಗಿತ್ತು ಅಂತ ಕೇಳಿದರೆ ಅಕ್ಕ, ಬೆಳಿಗ್ಗೆ ದಿನವೂ ಕಿಟಕಿ ಪಕ್ಕದ ಸೀಟು ಸಿಗುತ್ತಿತ್ತು ಅನ್ನುತ್ತಾಳೆ. ಮಗಳಿಗೆ ನೆನಪಿರುವುದು ತಣ್ಣಗಿನ ಮೆಟ್ಟಿಲುಗಳು ಮತ್ತು ಮನೆಯಾಕೆಯ ಕೆಮ್ಮು. ಗುಂಡ್ಲುಪೇಟೆಯಿಂದ ಫೋನಿನಲ್ಲಿ ಮಾತಾಡಿದ್ದೇ ಅವಳಿಗೆ ನೆನಪಿಲ್ಲ. ಆ ಕಫದ ದನಿ ನನಗೆ ಎಲ್ಲಿಂದ ಬಂತು ಅನ್ನುವುದು ಅವಳು ಹೇಳಿದ ಆ ಕೆಮ್ಮಿನಿಂದ ತಿಳಿಯಿತು. ಇದ್ದವರ ನೆನಪುಗಳೇ ಹೀಗೆ ಒಂದಕ್ಕೊಂದು ಕೂಡುವುದಿಲ್ಲ. ಆದ್ದರಿಂದ ಆ ಮಧ್ಯಾಹ್ನ ನಾನೇ ಕಂಡದ್ದಕ್ಕೆ ಅಂಟಿಕೊಳ್ಳುತ್ತೇನೆ.

ಮಗು ಮಾತು ಮುಗಿಸಿ ರಿಸೀವರನ್ನು ಅಮ್ಮನಿಗೆ ಕೊಡದೆ, ‘ಅಪ್ಪ’ ಎಂದು ಬಾಗಿಲ ಕಡೆ ಚಾಚಿತು. ಯಾರು ಹೇಳಿಕೊಟ್ಟಿದ್ದರೋ, ಅದಕ್ಕೇ ತೋಚಿತೋ. ಅಕ್ಕ ಮಗಳನ್ನು ಇಳಿಸಿಕೊಂಡು ಹೊರಗೆ ಬಂದಳು. ಭಾವ ಒಳಗೆ ಹೋಗಿ ನಿಂತರು. ಕಾಡಿನ ಕೂಲಿಯವರ ಜೊತೆ ಆಡಿ ಕಲಿತ ತಮಿಳು ಅವರದು, ಎಲ್ಲವೂ ಏಕವಚನ. ರಿಸೀವರನ್ನು ಕಿವಿಗೆ ಒತ್ತಿಕೊಂಡರು. ಆಮೇಲೆ ಭಾವ ಮೆಲ್ಲಗೆ, ಪದಗಳನ್ನು ಹುಡುಕಿಕೊಂಡು, ಏನೋ ಹೇಳಿದರು. ಕೈಯಲ್ಲಿ ಲೋಟ ಹಿಡಿದಂತೆ ಮಾಡಿ ತೋರಿಸಿದರು. ಯಾರೂ ನೋಡುವುದಿಲ್ಲವೆಂಬುದು ಅವರಿಗೂ ಮರೆತಿತ್ತು. ರಿಸೀವರನ್ನು ಎರಡೂ ಕೈಯಿಂದ ಇಟ್ಟು ಹೊರಗೆ ಬಂದರು.

‘ಏನಂದ್ರಿ?’ ಎಂದು ಅಕ್ಕ ಕೇಳಿದಳು.

‘ರಾತ್ರಿ ಎದ್ದು ಕೂತ್ಕಂಡು ನೀರ್ ಕೇಳ್ತಾಳೆ ಅಂದೆ’ ಎಂದರು ಭಾವ. ‘ಲೈಟ್ ಆಕುದ್ರೆ ಮತ್ತೆ ಮಲಿಕಳಲ್ಲ, ಕತ್ಲಲ್ಲೇ ಕೊಡು ಅಂತ ಏಳಿದೀನಿ.’