ಕುರ್ಲಾದಲ್ಲಿ ಇಳಿದುಹೋಗುವ ಮುಖ

ಖಾಲಿ ಹಾಳೆಗೆ ಹೆದರುವ ಚಿತ್ರಕಾರನೆಂದರೆ ನೀರಿಗೆ ಹೆದರುವ ಅಂಬಿಗನಿದ್ದಂತೆ. ಆ ಅಂಬಿಗ ನಾನೇ. ಮುಂಬಯಿಯ ದಾದರಿನ ನಮ್ಮ ಜಾಹೀರಾತು ಕಚೇರಿಯಲ್ಲಿ ಒಂದು ಕಾಲಕ್ಕೆ ಕೈಯಿಂದ ಚಿತ್ರ ಬರೆದೇ ಹೊಟ್ಟೆ ಹೊರೆದವನು. ಕಂಪ್ಯೂಟರ್ ಬಂದ ಮೇಲೆ ಕೈಗೆ ಮೌಸ್ ಸಿಕ್ಕಿತು, ಪೆನ್ಸಿಲ್ ಕಪಾಟು ಸೇರಿತು. ಹದಿನೈದು ವರ್ಷ ಒಂದು ಗೆರೆ ಎಳೆಯಲಿಲ್ಲ. ಕೇಳಿದವರಿಗೆಲ್ಲ ಪುರಸೊತ್ತಿಲ್ಲ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ, ಕೈ ಮರೆತುಬಿಟ್ಟಿದೆಯೇನೋ ಎಂಬ ಭಯ. ಬರೆದು ನೋಡಿದರೆ ತಾನೇ ಅದು ಖಾತ್ರಿಯಾಗುವುದು?

ಮಗಳಿಗೆ ಇದು ಹೇಗೋ ತಿಳಿಯಿತು. ದಪ್ಪ ಹಾಳೆಯ, ಅಂಗೈಯಗಲದ ಪುಸ್ತಕವೊಂದನ್ನು ತಂದುಕೊಟ್ಟು, "ಪಪ್ಪಾ, ರೋಜ್ ಏಕ್ ಪೇಜ್, ದಿನಕ್ಕೊಂದೇ ಪುಟ. ಚಲೋನೇ ಬರಬೇಕಂತ ಇಲ್ಲ" ಎಂದಳು. ಇದಕ್ಕೆ ಆರ್ಟ್ ಜರ್ನಲ್ ಎನ್ನುತ್ತಾರಂತೆ. ಹೊಸ ಪುಸ್ತಕವೆಂದು ನನ್ನ ಹೆಂಡತಿ ನಾಲ್ಕೂ ಮೂಲೆಗೆ ಅರಿಸಿನ ಹಚ್ಚಿ ದೇವರ ಮುಂದಿಟ್ಟಳು. ಮೂರು ತಿಂಗಳು ನಾನು ಅದನ್ನು ಅಲ್ಲಿಂದ ಕದಲಿಸಲಿಲ್ಲ. ನನ್ನ ದೈವಭಕ್ತಿ ಹೆಚ್ಚಿದ್ದು ಕಂಡು ಅವಳಿಗೇ ಅನುಮಾನ ಬಂದು, ಒಂದು ಬೆಳಿಗ್ಗೆ ಊಟದ ಡಬ್ಬಿಯ ಚೀಲಕ್ಕೆ ಅದನ್ನೂ ತುರುಕಿ ಕಳಿಸಿದಳು.

ಹಾಗೆ ಠಾಣೆಯಿಂದ ದಾದರಿಗೆ ಹೋಗುವ ಸ್ಲೋ ಲೋಕಲ್‌ನಲ್ಲಿ ನಿಂತುಕೊಂಡೇ ಶುರುಮಾಡಿದೆ. ಅಜಂತಾದ ಚಿತ್ರಕಾರರಿಗೆ ಗೋಡೆ ಅಲುಗಾಡುತ್ತಿರಲಿಲ್ಲ. ರಾಜರ ಚಿತ್ರ ಬರೆದವರಿಗೆ ರಾಜರು ನಡುವೆ ಇಳಿದುಹೋಗುತ್ತಿರಲಿಲ್ಲ. ನನಗೆ ದಾದರಿನ ತನಕ ಕೂತಿರುವ ಮುಖ ಬೇಕಿತ್ತು. ಅದಕ್ಕೇ ಕಿಟಕಿ ಪಕ್ಕದ ದಪ್ಪ ಮೀಸೆಯವರನ್ನು, ಎಲ್ಲಿ ಇಳಿಯುತ್ತೀರಿ ಎಂದು ಹಿಂದಿಯಲ್ಲಿ ಕೇಳಿದೆ. ಮುಂಬಯಿ ಲೋಕಲ್‌ನಲ್ಲಿ ಹಾಗೆ ಕೇಳಿದರೆ, ನೀವು ಎದ್ದ ಮೇಲೆ ಆ ಸೀಟು ನನಗೆ ಎಂದೇ ಲೆಕ್ಕ. ಮೂವತ್ತು ವರ್ಷ ಓಡಾಡಿದ ನನಗೇ ಅದು ಹೊಳೆಯಲಿಲ್ಲ. ಅವರು ಕುರ್ಲಾ ಎಂದರು, ದಾದರಿಗಿಂತ ಮೂರು ಸ್ಟೇಷನ್ ಮೊದಲು. ಅದಕ್ಕೂ ಒಂದು ಸ್ಟೇಷನ್ ಮೊದಲೇ ಎದ್ದು ನನ್ನನ್ನು ಪ್ರೀತಿಯಿಂದ ಕೂರಿಸಿ ಬಾಗಿಲ ಕಡೆ ನಡೆದರು. ಪುಟದಲ್ಲಿ ಆಗಿನ್ನೂ ಹಣೆಯಷ್ಟೇ ಮೂಡಿತ್ತು. ಸೀಟು ಸಿಕ್ಕಿತು, ಮುಖ ಹೋಯಿತು.

ಮರುದಿನ ಅದೇ ಗಾಡಿ, ಅದೇ ಕಿಟಕಿ, ಅದೇ ಮೀಸೆ. ಗುರುತು ಹಿಡಿದ ಪುಣ್ಯಾತ್ಮರು ಈ ಸಲ ಎರಡು ಸ್ಟೇಷನ್ ಮೊದಲೇ, ಘಾಟ್ಕೋಪರದಲ್ಲೇ ಎದ್ದುಬಿಟ್ಟರು. ಆಮೇಲೆ ಅದೇ ರೂಢಿಯಾಯಿತು. ಈ ಊರಿನಲ್ಲಿ ಕಿಟಕಿ ಸೀಟು ಬಿಟ್ಟುಕೊಡುವವರಿಗೆ ಬೇಡವೆನ್ನುವುದು ಹೇಗೆ? ಒಳಗೊಳಗೇ ಸಿಟ್ಟು ಬರುತ್ತಿತ್ತು. ಆದರೆ ಇವತ್ತು ಮೂಗನ್ನಾದರೂ ಹಿಡಿಯಬೇಕೆಂದು ನಾನು ಅಲಾರಂ ಬಡಿಯುವ ಮೊದಲೇ ಏಳತೊಡಗಿದ್ದೆ. ದಿನಕ್ಕೊಂದು ಪುಟ, ಒಂದರಲ್ಲಿ ಹುಬ್ಬು, ಇನ್ನೊಂದರಲ್ಲಿ ಮೂಗು, ಮತ್ತೊಂದರಲ್ಲಿ ಅರ್ಧ ಮೀಸೆ. ಕೆಟ್ಟಿತೆಂದು ಕೊರಗೋಣವೆಂದರೆ ಯಾವುದೂ ಪೂರ್ತಿಯಾಗಿರಲಿಲ್ಲ. ನನ್ನ ಭಯ ಯಾವ ಸ್ಟೇಷನ್ನಿನಲ್ಲಿ ಇಳಿದುಹೋಯಿತೋ ಗೊತ್ತಾಗಲೇ ಇಲ್ಲ.

ಒಂದು ದಿನ ಮುಲುಂಡ್ ದಾಟುವಾಗ ಅವರಿಗೆ ಫೋನ್ ಬಂತು. ಮಾತು ಅಚ್ಚ ವಿಜಯಪುರದ ಕನ್ನಡ. ಫೋನ್ ಮುಗಿದ ಮೇಲೆ ಕನ್ನಡದಲ್ಲೇ ಮಾತಾಡಿಸಿದೆ. ಹೆಸರು ಶಿವಪ್ಪ, ಕುರ್ಲಾದ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಮಶಿನ್ ನಡೆಸುವವರು. ನಾನು ಧಾರವಾಡದವನೆಂದು ಹೇಳಿಕೊಂಡು, ನಾಚುತ್ತಲೇ ಪುಸ್ತಕ ತೋರಿಸಿದೆ. ಅವರು ಹನ್ನೊಂದೂ ಪುಟಗಳನ್ನು ನಿಧಾನವಾಗಿ ತಿರುವಿದರು.

"ನಾ ನಿಮಗ ಕಾಲ ನೋವೈತಿ ಅಂದ್ಕೊಂಡಿದ್ನಿರಿ" ಎಂದರು. "ಇವತ್ತ ಏಳೂದಿಲ್ಲ. ದಾದರ್ ತನಕಾ ಬರ್ತೀನಿ, ಮುಗಸ್ರಿ."

ಕೆಲಸಕ್ಕೆ ತಡವಾಗುತ್ತದೆ ಎಂದರೂ ಕೇಳಲಿಲ್ಲ. ಕುರ್ಲಾ ಬಂತು, ಅವರು ಅಲುಗಲಿಲ್ಲ. ಹದಿನೈದು ವರ್ಷಗಳ ಮೇಲೆ ನನ್ನ ಕೈ ಒಂದು ಇಡೀ ಮುಖ ಬರೆಯುತ್ತಿತ್ತು. ಮಾಟುಂಗ ದಾಟಿದಾಗ ಉಳಿದದ್ದು ಎಡಗಿವಿಯೊಂದೇ, ಎರಡು ಗೆರೆಯ ಕೆಲಸ. ಪೆನ್ಸಿಲ್ ಊರಿದವನು ಹಾಗೇ ಎತ್ತಿಬಿಟ್ಟೆ.

"ಕಿವಿ ನಾಳಿಗಿರಲಿ, ಶಿವಪ್ಪನವರ" ಎಂದೆ.

ಅವರು ಬಗ್ಗಿ ಪುಟದಲ್ಲಿದ್ದ ತಮ್ಮ ಒಂದೇ ಕಿವಿ ನೋಡಿದರು. "ಹಂಗಾದ್ರ ನಾಳೆ ಮತ್ತ ಘಾಟ್ಕೋಪರಕ್ಕ ಏಳ್ತೀನಿ ಬಿಡ್ರಿ" ಎಂದು ಮೀಸೆಯಡಿ ನಕ್ಕು, ದಾದರಿನಲ್ಲಿ ಇಳಿದು, ಕುರ್ಲಾಕ್ಕೆ ವಾಪಸು ಹೋಗುವ ಗಾಡಿ ಹಿಡಿಯಲು ಸೇತುವೆ ಹತ್ತಿದರು.